ಕಂಬಗಳಿಲ್ಲದ ನೂರು ಕಂಬದ ಕಚೇರಿ



ಕಳೆದ ಡಿಸೆಂಬರಿನಲ್ಲಿ ನಮ್ಮ ಶಾಲೆಯಿಂದ ಹಂಪಿಗೆ ಪ್ರವಾಸ ಹೋಗಿದ್ದು ನಿಮಗೆಲ್ಲಾ ಗೊತ್ತೇ ಇದೆ. ಕಲ್ಲಿನ ರಥ, ವಿರೂಪಾಕ್ಷ ದೇವಸ್ಥಾನ, ಉಗ್ರನರಸಿಂಹ, ಆನೆಲಾಯ ಇವುಗಳ ಬಗ್ಗೆ ಹೋದ ಸಂಚಿಕೆಯಲ್ಲೇ ಬರೆದಾಗಿದೆ. ಆದ್ದರಿಂದ ನಾನು ಅವನ್ನು ಮತ್ತೆ ಬರೆಯುವುದಿಲ್ಲ. ಯಾರೂ ನಿಂತು ಫೋಟೋ ತೆಗೆಸಿಕೊಳ್ಳದ ಒಂದು ಜಾಗದ ಬಗ್ಗೆ ಬರೀತೀನಿ.

ಮಹಾನವಮಿ ದಿಬ್ಬ ಇಳಿದು ಬಂದಾಗ ಬಿಸಿಲಿಗೆ ಎಲ್ಲರಿಗೂ ಸುಸ್ತಾಗಿತ್ತು. ಅಲ್ಲೇ ಸಮೀಪದಲ್ಲಿ ಎತ್ತರಿಸಿ ಕಟ್ಟಿದ ಒಂದು ದೊಡ್ಡ ಜಗತಿ ಇದೆ. ಮೇಲೆ ಚಾವಣಿ ಇಲ್ಲ, ಗೋಡೆ ಇಲ್ಲ. ನಮ್ಮಲ್ಲೊಬ್ಬ, "ಇಲ್ಲೇನೈತ್ರಿ ಸಾರ್, ಬರೀ ಬಯಲು" ಅಂದ. ಅದಕ್ಕೆ ಸಮಾಜ ವಿಜ್ಞಾನದ ಗುರುಗಳು ನಕ್ಕು, "ನಿನ್ನ ಕಾಲ ಹತ್ರ ಒಂದು ಕಂಬದ ಬುಡ ಐತಿ ನೋಡು. ಅಂಥವು ಎಷ್ಟಿದಾವೆ ಎಣಿಸಿ ಬಾ" ಅಂದರು. ನಾವು ನಾಲ್ಕು ಜನ ಎಣಿಸಿದೆವು. ಒಂದು ಸಾಲಿಗೆ ಹತ್ತು. ಅಂಥ ಸಾಲು ಹತ್ತು. ಅಂದ್ರೆ ಒಟ್ಟು ನೂರು!

ಕಂಬ ಒಂದೂ ಇಲ್ಲ. ಕಂಬ ನಿಂತಿದ್ದ ಜಾಗ ಮಾತ್ರ ನೂರು ಇವೆ. ಆ ಕಟ್ಟಡ ಯಾವುದು, ಎಲ್ಲಿ ಹೋಯ್ತು, ಈಗ ಏನೇನು ಉಳಿದಿದೆ ಎಂಬುದೇ ಈ ಪಾಠ.

ಕಂಬಗಳು ಯಾಕೆ ಉಳಿಯಲಿಲ್ಲ?

ಹಂಪಿಯಲ್ಲಿ ದೇವಸ್ಥಾನಗಳು ಎಷ್ಟೊಂದು ಉಳಿದಿವೆ. ಅರಮನೆಗಳು ಮಾತ್ರ ಬುಡಮಟ್ಟಕ್ಕೆ ಹೋಗಿವೆ. ಇದಕ್ಕೆ ಮುಖ್ಯ ಕಾರಣ ಕಟ್ಟಿದ ಸಾಮಾನು. ಆಗಿನವರು ದೇವರ ಗುಡಿಗಳನ್ನು ಬುಡದಿಂದ ಚಾವಣಿಯವರೆಗೆ ಕಲ್ಲಿನಲ್ಲಿ ಕಟ್ಟಿಸುತ್ತಿದ್ದರು. ಅರಸರ ವಾಸದ ಮನೆ, ಸಭಾಮಂಟಪಗಳಿಗೆ ಜಗತಿ ಮಾತ್ರ ಕಲ್ಲು. ಅದರ ಮೇಲಿನ ಕಂಬ, ತೊಲೆ ಮರದವು. ಗೋಡೆ, ಚಾವಣಿಗೆ ಇಟ್ಟಿಗೆ, ಗಾರೆ. ನಮ್ಮ ಹಳೇ ಮಾಳಿಗೆ ಮನೆಗಳನ್ನು ನೆನೆಸಿಕೊಳ್ಳಿ. ಮನೆ ಬಿದ್ದ ಮೇಲೆ ಏನು ಉಳಿಯುತ್ತೆ? ಕಟ್ಟೆ, ಹೊಸ್ತಿಲು, ಕಂಬದ ಅಡಿಗಲ್ಲು. ಇಲ್ಲೂ ಅಷ್ಟೇ ಆಗಿದೆ.

ಹಾಗಾದ್ರೆ ಮರ ಹೇಗೆ ಹೋಯ್ತು? ೧೫೬೫ರ ಜನವರಿ ೨೩ರಂದು ರಕ್ಕಸತಂಗಡಿ ಯುದ್ಧದಲ್ಲಿ (ತಾಳಿಕೋಟೆ ಯುದ್ಧ ಅಂತಲೂ ಓದಿದ್ದೇವೆ) ಅಳಿಯ ರಾಮರಾಯ ಸತ್ತ. ಅವನ ತಮ್ಮ ತಿರುಮಲ, ದೊರೆ ಸದಾಶಿವರಾಯನನ್ನೂ ಸಿಕ್ಕಷ್ಟು ಭಂಡಾರವನ್ನೂ ತೆಗೆದುಕೊಂಡು ಪೆನುಗೊಂಡೆಗೆ ಹೋದ. ರಾಜಧಾನಿ ಕಾಯುವವರಿಲ್ಲದೆ ಉಳೀತು. ಲೂಟಿಯಾಯ್ತು, ಬೆಂಕಿ ಬಿತ್ತು. ಪುರಾತತ್ವದವರು ಅರಮನೆಯ ಆವರಣದಲ್ಲಿ ಮಣ್ಣು ತೆಗೆದಾಗ ಇದ್ದಿಲು ಸಿಕ್ಕಿದೆ, ಬೆಂಕಿಗೆ ಬೆಂದ ಗಾರೆ ಸಿಕ್ಕಿದೆ. ಮಾತನ್ನು ಬದಲಿಸಬಹುದು, ಇದ್ದಿಲನ್ನು ಬದಲಿಸೋಕಾಗಲ್ಲ.

ಆದರೆ ಎಲ್ಲಾ ಒಂದೇ ದಿನ ಸುಟ್ಟುಹೋಯ್ತು ಅಂತ ತಿಳಿಯಬಾರದು. ಯುದ್ಧವಾಗಿ ಎರಡು ವರ್ಷಕ್ಕೆ, ಅಂದರೆ ೧೫೬೭ರಲ್ಲಿ, ವೆನಿಸ್ ನಗರದ ವ್ಯಾಪಾರಿ ಸೀಸರ್ ಫ್ರೆಡರಿಕ್ ಇಲ್ಲಿಗೆ ಬಂದಿದ್ದ. ಊರು ಪೂರ್ತಿ ನಾಶವಾಗಿಲ್ಲ, ಮನೆಗಳು ಇನ್ನೂ ನಿಂತಿವೆ, ಆದರೆ ಜನರಿಲ್ಲ, ಒಳಗೆ ಹುಲಿ ಮುಂತಾದ ಕಾಡುಪ್ರಾಣಿ ಸೇರಿಕೊಂಡಿವೆ ಎಂಬ ಅರ್ಥದಲ್ಲಿ ಅವನು ಬರೆದಿದ್ದಾನೆ. ಅಂದ್ರೆ ಬೆಂಕಿಯಿಂದ ಉಳಿದದ್ದು ಎಷ್ಟೋ ಇತ್ತು. ಅದನ್ನು ಆಮೇಲೆ ಮಳೆ ತಿಂತು, ಗೆದ್ದಲು ತಿಂತು. ಮನುಷ್ಯರೂ ಹೊತ್ತುಕೊಂಡು ಹೋಗಿರಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತೆ.

ಅಲ್ಲಿ ಏನು ಕೆಲಸ ನಡೀತಿತ್ತು?

ಬರೀ ಅಡಿಗಲ್ಲು ನೋಡಿದರೆ ಅದು ಕಚೇರಿಯೋ ಛತ್ರವೋ ಗೊತ್ತಾಗಲ್ಲ. ಅದಕ್ಕೆ ಕಣ್ಣಾರೆ ಕಂಡವರ ಮಾತು ಬೇಕು. ೧೪೪೩ರಲ್ಲಿ, ಎರಡನೇ ದೇವರಾಯ ಆಳುತ್ತಿದ್ದಾಗ, ಹೆರಾತಿನ ದೊರೆ ಶಾರುಖ್ ಕಳಿಸಿದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದ. (ಹೆರಾತ್ ಈಗಿನ ಅಫ್ಘಾನಿಸ್ತಾನದಲ್ಲಿದೆ.) ಅವನು ಅರಮನೆಯ ಬಲಗಡೆ ಇದ್ದ ದಿವಾನಖಾನೆಯ ಬಗ್ಗೆ ಬರೆದಿಟ್ಟಿದ್ದಾನೆ. ದಿವಾನಖಾನೆ ಅಂದ್ರೆ ಸರ್ಕಾರದ ಕಚೇರಿ. ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ಕಟ್ಟಡ ತುಂಬಾ ದೊಡ್ಡದು, ಬಹಳ ಕಂಬಗಳದ್ದು. ಅದರ ಮುಂದೆ ಆಳೆತ್ತರಕ್ಕಿಂತ ಎತ್ತರವಾದ ಒಂದು ಪಡಸಾಲೆ. ಉದ್ದ ೩೦ ಗಜ, ಅಗಲ ೬ ಗಜ. ಲೆಕ್ಕಪತ್ರಗಳನ್ನು ಇಡುವುದು ಅಲ್ಲಿ, ಬರೆಯುವ ಕರಣಿಕರು ಕೂರುವುದೂ ಅಲ್ಲೇ. ಕಂಬಗಳ ನಡುವೆ ಒಂದು ಎತ್ತರದ ಪೀಠ. ಅದರ ಮೇಲೆ 'ದಣಾಯಕ' ಒಬ್ಬನೇ ಕೂತು ರಾಜ್ಯದ ಕೆಲಸ ನೋಡುತ್ತಾನೆ. ಕೆಳಗೆ ಎರಡೂ ಕಡೆ ದಂಡ ಹಿಡಿದ ಚಾಕರರು ಸಾಲಾಗಿ ನಿಂತಿರುತ್ತಾರೆ. ಕೆಲಸವಿದ್ದವನು ಆ ಸಾಲಿನ ನಡುವೆ ನಡೆದು ಬಂದು, ಏನಾದರೂ ಚಿಕ್ಕ ಕಾಣಿಕೆ ಇಟ್ಟು, ನೆಲಕ್ಕೆ ಮುಖ ಹಚ್ಚಿ ನಮಸ್ಕರಿಸಿ, ಎದ್ದು ನಿಂತು ತನ್ನ ಅಹವಾಲು ಹೇಳುತ್ತಾನೆ. ದಣಾಯಕ ರಾಜ್ಯದ ಕಟ್ಟಳೆ ಪ್ರಕಾರ ತೀರ್ಪು ಕೊಡುತ್ತಾನೆ. ಅದರ ಮೇಲೆ ಮಾತಿಲ್ಲ.

ನನಗೆ ಬಹಳ ಇಷ್ಟವಾದದ್ದು ಮುಂದಿನ ಭಾಗ. ಕಚೇರಿ ಮುಗಿಸಿ ದಣಾಯಕ ರಾಜನ ಹತ್ತಿರ ವರದಿ ಹೇಳಲು ಹೊರಡುವಾಗ ಅವನ ಮುಂದೆ ಬಣ್ಣಬಣ್ಣದ ಕೊಡೆ ಹಿಡಿದು, ಕಹಳೆ ಊದುತ್ತಾ ಹೋಗುತ್ತಾರೆ. ದಾರಿಯಲ್ಲಿ ಏಳು ಬಾಗಿಲು. ಒಂದೊಂದು ಬಾಗಿಲಲ್ಲಿ ಒಂದೊಂದು ಕೊಡೆ ಬಿಡಬೇಕು. ಏಳನೇ ಬಾಗಿಲು ದಾಟುವಾಗ ಅವನ ಜೊತೆ ಯಾರೂ ಇಲ್ಲ, ಕೊಡೆಯೂ ಇಲ್ಲ. ಕಚೇರಿಯಲ್ಲಿ ಎಷ್ಟೇ ದೊಡ್ಡವನಾದರೂ ದೊರೆಯ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾಗಿತ್ತು ಅಂತ ಇದರಿಂದ ತಿಳಿಯುತ್ತೆ.

ನಲವತ್ತೋ? ನೂರೋ?

ಇಲ್ಲಿ ಒಂದು ತೊಡಕು ಇದೆ. ಅಬ್ದುರ್ ರಜಾಕ್ ಆ ಕಟ್ಟಡವನ್ನು 'ಚಿಹಲ್ ಸುತೂನ್' ಇದ್ದ ಹಾಗೆ ಅಂದಿದ್ದಾನೆ. ಪಾರ್ಸಿಯಲ್ಲಿ ಹಾಗಂದ್ರೆ ನಲವತ್ತು ಕಂಬ. ನಾವು ಎಣಿಸಿದ್ದು ನೂರು. ಲೆಕ್ಕ ತಾಳೆಯಾಗಲಿಲ್ಲವಲ್ಲ ಅಂತ ನಾನು ಗುರುಗಳನ್ನು ಕೇಳಿದೆ. ಅವರು, "ನಿಮ್ಮಜ್ಜಿ ಸಾವಿರ ಸಲ ಹೇಳೀನಿ ಅಂತಾರಲ್ಲ, ಎಣಿಸಿ ಹೇಳ್ತಾರೇನು?" ಅಂತ ಕೇಳಿದರು. ಪಾರ್ಸಿಯವರಿಗೆ ನಲವತ್ತು ಅಂದ್ರೆ 'ಬಹಳ' ಅಂತಲೂ ಅರ್ಥವಂತೆ. ಇರಾನ್ ದೇಶದ ಇಸ್ಫಹಾನ್ ನಗರದಲ್ಲಿ ಇದೇ ಹೆಸರಿನ ಒಂದು ಅರಮನೆ ಇದೆ. ಅದರ ಮುಂಭಾಗದಲ್ಲಿ ಇರುವುದು ಇಪ್ಪತ್ತೇ ಕಂಬ! ಎದುರಿನ ಕೊಳದಲ್ಲಿ ನೆರಳು ಬಿದ್ದು ನಲವತ್ತಾಗುತ್ತೆ ಅಂತ ಅಲ್ಲಿಯವರು ಹೇಳುತ್ತಾರೆ. ನಮ್ಮ ಮೂಡುಬಿದಿರೆಯ ಬಸದಿಗೆ 'ಸಾವಿರ ಕಂಬದ ಬಸದಿ' ಅಂತ ಹೆಸರು ಬಂದ ಹಾಗೆ.

ಇನ್ನೊಂದು ಎಚ್ಚರಿಕೆಯೂ ಬೇಕು. ಅವನು ಬಂದದ್ದು ೧೪೪೩ರಲ್ಲಿ, ರಾಜಧಾನಿ ಹಾಳಾದದ್ದು ೧೫೬೫ರಲ್ಲಿ. ನಡುವೆ ೧೨೨ ವರ್ಷ. ಅಷ್ಟರಲ್ಲಿ ಅರಮನೆಯ ಕಟ್ಟಡಗಳನ್ನು ಎಷ್ಟೋ ಸಲ ಕೆಡವಿ ಕಟ್ಟಿರಬಹುದು. ಆದ್ದರಿಂದ 'ಅವನು ಕಂಡದ್ದು ಇದೇ ಜಗತಿ' ಅಂತ ಆಣೆ ಮಾಡಿ ಹೇಳಬಾರದು. 'ಇಂಥ ಕಟ್ಟಡದಲ್ಲಿ ಇಂಥ ಕೆಲಸ ನಡೀತಿತ್ತು' ಅಂತ ಹೇಳಬಹುದು. ಇತಿಹಾಸ ಬರೆಯುವವರು ಈ ಎರಡು ಮಾತುಗಳ ಅಂತರ ಕಾಯಬೇಕು ಅಂತ ಗುರುಗಳು ಹೇಳಿದರು.

ಉಳಿದಿರುವ ಕುರುಹುಗಳು

ಇನ್ನು ಆ ಕಚೇರಿಯ ಕಾಲದ್ದು ಏನೇನು ಉಳಿದಿದೆ ಅಂತ ಒಂದೊಂದಾಗಿ ನೋಡೋಣ.

೧. ಅಡಿಗಲ್ಲುಗಳು. ಕಂಬ ಕೂರಿಸಿದ ಜಾಗದಲ್ಲಿ ಚೌಕಾಕಾರದ ಗುರುತು ಇದೆ. ಅಲ್ಲಿದ್ದದ್ದು ಮರದ ಕಂಬ ಎಂಬುದಕ್ಕೆ ಇದೇ ಸಾಕ್ಷಿ. ಕಲ್ಲಿನ ಕಂಬಗಳಾಗಿದ್ದರೆ ಮುರಿದ ತುಂಡುಗಳಾದರೂ ಸುತ್ತ ಬಿದ್ದಿರಬೇಕಿತ್ತು.

೨. ಮೆಟ್ಟಿಲು. ಜಗತಿಯ ಒಂದು ಬದಿಯಲ್ಲಿ ಮೇಲಕ್ಕೆ ಹತ್ತುವ ಮೆಟ್ಟಿಲುಗಳ ಭಾಗ ಉಳಿದಿದೆ. ಮೇಲೆ ಅಂತಸ್ತು ಇಲ್ಲದಿದ್ದರೆ ಮೆಟ್ಟಿಲು ಯಾಕೆ? ಹೀಗೆ ಒಂದು ಮೆಟ್ಟಿಲಿನಿಂದ ಇಲ್ಲದ ಮಹಡಿಯನ್ನು ಕಂಡುಹಿಡಿಯಬಹುದು.

೩. ಕಲ್ಲಿನ ಬಾಗಿಲು. ಅದೇ ಆವರಣದಲ್ಲಿ ನೆಲದ ಮೇಲೆ ಒಂದು ಭಾರಿ ಕಲ್ಲಿನ ಬಾಗಿಲು ಮಲಗಿದೆ. ಅದನ್ನು ಹತ್ತಿರ ಹೋಗಿ ನೋಡಿ. ಮರದ ಬಾಗಿಲಿಗೆ ಇರುವಂಥ ಪಟ್ಟಿಗಳನ್ನೇ ಕಲ್ಲಿನಲ್ಲಿ ಕೆತ್ತಿದ್ದಾರೆ. ಮರದ ಬಾಗಿಲುಗಳು ಸುಟ್ಟುಹೋದರೂ ಅವು ಹೇಗಿದ್ದವು ಅಂತ ಈ ಕಲ್ಲು ತೋರಿಸುತ್ತೆ.

೪. ಪುಷ್ಕರಣಿಯ ಅಕ್ಷರಗಳು. ಮೆಟ್ಟಿಲು ಮೆಟ್ಟಿಲಾದ ಕರಿಕಲ್ಲಿನ ಆ ಕೊಳ ೧೯೮೦ರ ದಶಕದವರೆಗೆ ಮಣ್ಣಿನ ಕೆಳಗಿತ್ತು. ಅಗೆದ ಮೇಲೆ ಕಲ್ಲುಗಳ ಮೇಲೆ ಗುರುತು ಕಂಡವು. ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂದು ಕೆಲಸಗಾರರು ಹಾಕಿಕೊಂಡ ಗುರುತು ಅವು. ಅಂದ್ರೆ ಅಲ್ಲಿ ಬರೆಯುವುದು ಕರಣಿಕರ ಕೆಲಸ ಮಾತ್ರ ಆಗಿರಲಿಲ್ಲ.

೫. ಹೆಸರುಗಳು. ಹೆಸರಿಗೆ ಗೆದ್ದಲು ಹತ್ತುವುದಿಲ್ಲ. ದಣಾಯಕ ಎಂದರೆ ದಂಡನಾಯಕ. ಹಂಪಿಯಲ್ಲಿ ಒಂದು ಆವರಣವನ್ನು ಈಗಲೂ ದಣಾಯಕನ ಕೋಟೆ ಎನ್ನುತ್ತಾರೆ. ಹೊಸಪೇಟೆ ತಾಲೂಕಿನಲ್ಲಿ ಡಣಾಯಕನಕೆರೆ ಎಂಬ ಊರೇ ಇದೆ, ಬಸ್ಸಿನ ಬೋರ್ಡಿನಲ್ಲಿ ನೀವೂ ಓದಿರಬಹುದು. ಎರಡನೇ ದೇವರಾಯನ ಕಾಲದ ದಂಡನಾಯಕ ಲಕ್ಕಣ್ಣ ದಂಡೇಶ 'ಶಿವತತ್ತ್ವ ಚಿಂತಾಮಣಿ' ಎಂಬ ಕನ್ನಡ ಕಾವ್ಯ ಬರೆದವನು. ಅವನ ಕಾಲದ ಅರಮನೆ ಹೋಯ್ತು, ಪುಸ್ತಕ ಉಳೀತು.

೬. ಕಡತ. ಇದು ಎಲ್ಲಕ್ಕಿಂತ ಮುಖ್ಯ. ಈ ದೇಶದ ಜನರ ಬರವಣಿಗೆ ಎರಡು ತರ ಎಂದು ಅಬ್ದುರ್ ರಜಾಕ್ ಬರೆದಿದ್ದಾನೆ. ಒಂದು, ಎಲೆಯ ಮೇಲೆ ಕಬ್ಬಿಣದ ಕಂಟದಿಂದ ಗೀರುವುದು. ಇನ್ನೊಂದು, ಬಿಳಿಯದಕ್ಕೆ ಕಪ್ಪು ಬಳಿದು ಅದರ ಮೇಲೆ ಮೆತ್ತನೆಯ ಕಲ್ಲಿನಿಂದ ಬರೆಯುವುದು. ಎರಡನೆಯದೇ ನಮ್ಮ ಕಡತ! ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಬೀಸಣಿಗೆ ಹಾಗೆ ಮಡಿಚಿ, ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಲೂ ಬರುತ್ತಿತ್ತು. ಶೃಂಗೇರಿಯಂಥ ಮಠಗಳಲ್ಲಿ, ಹಳೇ ಶಾನುಭೋಗರ ಮನೆಗಳಲ್ಲಿ ಇಂಥ ಕಡತಗಳು ಉಳಿದಿದ್ದವು. ಈಗಲೂ ಸರ್ಕಾರಿ ಆಫೀಸಿನಲ್ಲಿ ಫೈಲಿಗೆ 'ಕಡತ' ಅಂತಲೇ ಬರೆಯುತ್ತಾರೆ. ಬಟ್ಟೆ ಹೋಗಿ ಕಾಗದ ಬಂದರೂ ಹೆಸರು ಬದಲಾಗಲಿಲ್ಲ.

ನಮ್ಮೂರಿನ ಕಚೇರಿ

ಇಷ್ಟೆಲ್ಲಾ ತಿಳಿದುಕೊಂಡು ಊರಿಗೆ ಬಂದ ಮೇಲೆ ನನಗೆ ಒಂದು ವಿಚಾರ ಹೊಳೀತು. ನಮ್ಮೂರಿಗೂ ಒಂದು ಕಚೇರಿ ಇತ್ತಲ್ಲ? ಬೇವಿನಮರದ ಕಟ್ಟೆ ಪಕ್ಕ ಈಗ ಕಸದ ತಿಪ್ಪೆ ಇರೋ ಜಾಗಕ್ಕೆ ಎಲ್ಲರೂ 'ಚಾವಡಿ' ಅಂತಾರೆ. ಅಲ್ಲಿ ಚಾವಡಿ ಇಲ್ಲ. ಹಾಗಾದ್ರೆ ಅದು ಎಲ್ಲಿ ಹೋಯ್ತು?

ನಾವು ಮೂವರು ಸೇರಿ ನಾಲ್ಕು ಭಾನುವಾರ ಹಿರಿಯರನ್ನು ಕೇಳಿದೆವು. ಅವರು ಹೇಳಿದ್ದು ಇಷ್ಟು. ಚಾವಡಿ ಮಣ್ಣಿನ ಮಾಳಿಗೆಯದು, ಆರು ಮರದ ಕಂಬ, ಮುಂದೆ ಕಲ್ಲಿನ ಕಟ್ಟೆ. ಗೌಡರು, ಶಾನುಭೋಗರು ಅಲ್ಲೇ ಕೂತು ಕಂದಾಯ ವಸೂಲಿ ಮಾಡುತ್ತಿದ್ದರು. ತಳವಾರ ಬಾಗಿಲಲ್ಲಿ ನಿಲ್ಲುತ್ತಿದ್ದ. ೧೯೬೧ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ರದ್ದಾದ ಮೇಲೆ ಅಲ್ಲಿ ಕೂರುವವರು ಇಲ್ಲವಾದರು. ಒಂದು ಮಳೆಗಾಲ ಮಾಳಿಗೆ ಕುಸೀತು.

ನಾವು ಹುಡುಕಿದಾಗ ಸಿಕ್ಕಿದ್ದು: ಕಟ್ಟೆಯ ಎರಡು ಚಪ್ಪಡಿ ಒಬ್ಬರ ಬಚ್ಚಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿವೆ. ಬಾಗಿಲ ಚೌಕಟ್ಟು ಒಂದು ಹೊಸ ಮನೆಯ ಹಿತ್ತಲಿಗೆ ಸೇರಿದೆ, ಹಸಿರು ಬಣ್ಣ ಬಳಿದಿದ್ದಾರೆ. ಒಂದು ಕಂಬ ಹಿಟ್ಟಿನ ಗಿರಣಿಯ ತಗಡಿನ ಚಪ್ಪರಕ್ಕೆ ಆಸರೆಯಾಗಿದೆ. ಎರಡು ಕಂಬ ಗೆದ್ದಲು ತಿಂದು ಹೋದವು, ಇನ್ನೊಂದು ಗಾಡಿ ಮೂಕಿಗೆ ಹೋಯ್ತಂತೆ. ಮೊದಮೊದಲು ಯಾರೂ ಹೇಳಲಿಲ್ಲ. "ಸರ್ಕಾರದೋರು ವಾಪಸ್ ಕೇಳ್ತಾರೇನಪ್ಪಾ?" ಅಂತ ಹೆದರಿದರು. ಹೆಸರು ಬರೆಯೋದಿಲ್ಲ ಅಂತ ಮಾತು ಕೊಟ್ಟ ಮೇಲೆ ಅವರೇ ಕರೆದು ತೋರಿಸಿದರು.

ಐದನೆಯ ಕಂಬದ ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆದೇ ಬಿಡುತ್ತೇನೆ. ಅದು ನಮ್ಮ ಮನೆಯ ದನದ ಕೊಟ್ಟಿಗೆಯಲ್ಲಿದೆ. ನಾನು ಹುಟ್ಟಿದಾಗಿನಿಂದ ಅದಕ್ಕೇ ಎಮ್ಮೆ ಕಟ್ಟೋದು. ಮೇಲೆ ಬೋದಿಗೆಗೆ ಹೂವಿನ ಕೆತ್ತನೆ ಇದೆ, ಹೊಗೆ ಮಸಿ ಹಿಡಿದು ಕಾಣುತ್ತಿರಲಿಲ್ಲ. ನಾನು ಹಂಪಿಯಲ್ಲಿ ನಿಂತು, ಯಾರೋ ಬಂದು ಎಲ್ಲಾ ಹಾಳು ಮಾಡಿದರು ಅಂತ ಸಿಟ್ಟು ಮಾಡಿಕೊಂಡಿದ್ದೆ. ಅಜ್ಜಿಯನ್ನು ಕೇಳಿದಾಗ ಆಕೆ ಹೇಳಿದಳು: "ಮಳಿಗೆ ಬಿದ್ದು ನೆನೀತಿತ್ತು. ಎಲ್ಲಾರೂ ಒಯ್ದರು, ನಿಮ್ಮಜ್ಜನೂ ಒಂದು ಒಯ್ದ. ಬಿಟ್ಟಿದ್ರ ಅದನ್ನೂ ಗೆದ್ದಲು ತಿಂತಿತ್ತು."

ನನಗೆ ಉತ್ತರ ಹೊಳೆಯಲಿಲ್ಲ. ಅಜ್ಜ ಒಯ್ದಿದ್ದರಿಂದ ಚಾವಡಿ ಹೋಯ್ತು ಎನ್ನಬೇಕೋ, ಅಜ್ಜ ಒಯ್ದಿದ್ದರಿಂದ ಒಂದು ಕಂಬ ಉಳೀತು ಎನ್ನಬೇಕೋ? ಎರಡೂ ನಿಜ. ಸೀಸರ್ ಫ್ರೆಡರಿಕ್ ಕಂಡ ಆ ಖಾಲಿ ಮನೆಗಳಿಂದಲೂ ಯಾರೋ ಒಬ್ಬ ಅಜ್ಜ ಒಂದು ತೊಲೆ ಹೊತ್ತು ತಂದು ತನ್ನ ಕೊಟ್ಟಿಗೆಗೆ ಹಾಕಿರಬೇಕು. ಅವನು ಕಳ್ಳನಲ್ಲ. ಆದರೆ ಅದು ಎಲ್ಲಿಂದ ಬಂತು ಅಂತ ಅವನು ಯಾರಿಗೂ ಹೇಳಲಿಲ್ಲ, ಯಾರೂ ಬರೆದಿಡಲಿಲ್ಲ. ಕಟ್ಟಡ ಬಿದ್ದದ್ದಕ್ಕಿಂತ ಇದು ದೊಡ್ಡ ನಷ್ಟ ಅಂತ ನನಗೆ ಅನಿಸುತ್ತೆ. ಶಾನುಭೋಗರ ಮನೆಯ ಕಡತಗಳದ್ದೂ ಇದೇ ಕಥೆ. ಒಂದು ಗಂಟು ಇತ್ತಂತೆ. ಮನೆ ಸುಣ್ಣ ಬಳಿಯುವಾಗ ಹಂಡೆ ಒಲೆಗೆ ಹಾಕಿದರಂತೆ. ನಮ್ಮೂರಿನ ಕೆರೆ, ಹೊಲ, ಹದ್ದುಗಳ ಎಷ್ಟು ವರ್ಷದ ಲೆಕ್ಕ ಒಂದು ದಿನದ ಸ್ನಾನದ ನೀರಿಗೆ ಮುಗೀತು!

ನಾವೆಲ್ಲಾ ಮಾಡಬಹುದಾದ ಕೆಲಸ

೧. ಹಳೇ ಕಲ್ಲು, ಕಂಬ, ಚೌಕಟ್ಟು ಕಂಡರೆ ಇದ್ದಲ್ಲೇ ಅಳತೆ ತೆಗೆದು ಚಿತ್ರ ಬರೆದುಕೊಳ್ಳಿ. ಕೀಳಬೇಡಿ, ತರಬೇಡಿ.
೨. 'ಇದು ಎಲ್ಲಿಂದ ಬಂತು' ಅಂತ ಮನೆಯ ಹಿರಿಯರನ್ನು ಕೇಳಿ. ಹೇಳಿದವರ ವಯಸ್ಸು, ಕೇಳಿದ ತಾರೀಕು ಬರೆಯಿರಿ.
೩. ಕಣ್ಣಾರೆ ಕಂಡದ್ದು, ಕೇಳಿದ್ದು, ನೀವು ಊಹಿಸಿದ್ದು ಇವನ್ನು ಬೇರೆ ಬೇರೆ ಪುಟದಲ್ಲಿ ಬರೆಯಿರಿ. ಕಲಸಬೇಡಿ.
೪. ಕಡತ, ತಾಳೆಗರಿ, ಹಳೇ ರಸೀದಿ ಸಿಕ್ಕರೆ ಒಲೆಗೆ ಹಾಕುವ ಮೊದಲು ಗುರುಗಳಿಗೆ ತೋರಿಸಿ.
೫. ಹಂಪಿಗೆ ಹೋದಾಗ ಕಂಬಗಳ ಮೇಲೆ ಹೆಸರು ಗೀಚಬೇಡಿ, ತಳ್ಳಬೇಡಿ. ೨೦೧೯ರಲ್ಲಿ ಕೆಲವು ಯುವಕರು ಅಲ್ಲಿ ಕಲ್ಲಿನ ಕಂಬ ಬೀಳಿಸಿದಾಗ ನ್ಯಾಯಾಲಯ ಅವರಿಗೆ ದಂಡ ಹಾಕಿದ್ದಲ್ಲದೆ, ಬೀಳಿಸಿದ ಕಂಬವನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತು.

ಪ್ರಶ್ನೆಗಳು (ಉತ್ತರ ಬರೆದು ಈ ಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿ)

ಅ) ಹಂಪಿಯಲ್ಲಿ ಗುಡಿಗಳು ಉಳಿದು ಅರಮನೆಗಳು ಯಾಕೆ ಉಳಿಯಲಿಲ್ಲ?
ಆ) ಒಂದು ಮೆಟ್ಟಿಲಿನಿಂದ ಇಲ್ಲದ ಮಹಡಿಯನ್ನು ಹೇಗೆ ತಿಳಿಯಬಹುದು?
ಇ) ನಿಮ್ಮ ಮನೆಯಲ್ಲಿ ಬೇರೆ ಕಟ್ಟಡದಿಂದ ಬಂದ ಕಲ್ಲು, ಮರ ಏನಾದರೂ ಇದೆಯೇ?

ಕೊನೆಯದಾಗಿ ಒಂದು ಕೋರಿಕೆ. ಚಾವಡಿಯ ಆರು ಕಂಬಗಳಲ್ಲಿ ಐದರ ಲೆಕ್ಕ ಸಿಕ್ಕಿದೆ. ಆರನೆಯದು ಸಿಕ್ಕಿಲ್ಲ. ಅದರ ಬೋದಿಗೆಯ ಮೇಲೂ ಎಂಟು ಎಸಳಿನ ಹೂವು ಇರಬೇಕು. ಇವತ್ತು ಮನೆಗೆ ಹೋದ ಮೇಲೆ ಕೊಟ್ಟಿಗೆಯಲ್ಲಿ ಒಂದು ಸಲ ತಲೆ ಎತ್ತಿ ನೋಡಿ. ಮಸಿ ಇದ್ದರೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಕಂಡರೆ ಬಂದು ಹೇಳಿ, ಅಳತೆ ಪಟ್ಟಿ ತೆಗೆದುಕೊಂಡು ನಾವೇ ಬರ್ತೀವಿ.

— ೯ನೇ ತರಗತಿಯ ವಿದ್ಯಾರ್ಥಿ